ಐದು ಹುಡುಗರ ಹಾಡು

ಖಾದರ ಜಪಾನಿನಿಂದ ತಿರುಗಿ ಬಂದಾಗ ಅವನ ಬಾಯಲ್ಲಿ ಮಾತಿರಲಿಲ್ಲ. ಅಲ್ಲಿನ ಒಂದು ಹಿಂದುಸ್ತಾನಿ ಹೋಟೆಲ್ಲಿನಲ್ಲಿ ಏಳು ವರ್ಷ ತಂದೂರಿ ರೊಟ್ಟಿ ಸುಟ್ಟವನು ಅವನು. ರಜೆಗೆ ಬಂದರೆ ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಿಂದ ಮನೆಗೆ ಬರುವುದರೊಳಗೆ ಕಂಡಕಂಡವರನ್ನೆಲ್ಲ ಮಾತಾಡಿಸಿ ನಗಿಸಿ ಬರುತ್ತಿದ್ದ. ಎರಡು ಸಾವಿರದ ಐದನೇ ಇಸವಿಯಲ್ಲಿ, ಇನ್ನೂ ಚಳಿ ಮುಗಿದಿರದ ದಿನಗಳಲ್ಲಿ, ಅದೇ ಮನುಷ್ಯ ಬಾಡಿಗೆ ಜೀಪಿನಿಂದ ಇಬ್ಬರ ಹೆಗಲಿಗೆ ಜೋತು ಇಳಿದ. ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಹೆಂಡತಿ ಕಮರುನ್ನಿಸಾಳ ಮುಖ ನೋಡಿ ಏನೋ ಹೇಳಲು ಹೋದ. "ಬ... ಬ..." ಎಂದದ್ದಷ್ಟೇ. ಮುಂದೆ ಬರೀ ಜೊಲ್ಲು.

ಅವನನ್ನು ಕರೆತಂದವನು ನರಗುಂದದ ನಿಜಾಮುದ್ದೀನ. ಅದೇ ಹೋಟೆಲ್ಲಿನಲ್ಲಿ ಭಾಂಡೆ ತೊಳೆಯುವುದರಿಂದ ಹಿಡಿದು ತಾಟು ಕೊಡುವವರೆಗಿನ ಕೆಲಸವೆಲ್ಲ ಅವನದಾಗಿತ್ತು.

"ಲಕ್ವಾ ಹೊಡೀತು ಭಾಬಿ. ಕೆಲಸದಾಗ ಇದ್ದಾಗ ಬಿದ್ದ," ಎಂದ. ಚಹಾಕ್ಕೂ ನಿಲ್ಲದೆ ಹೊರಟುಹೋದ.

ಕಮರುನ್ನಿಸಾ ನೇಕಾರರ ಮನೆಗಳಿಗೆ ನೂಲಿನ ಕಂಡಿಕಿ ಸುತ್ತಿಕೊಡುತ್ತಿದ್ದಳು. ಚರಕದ ಮುಂದೆಯೇ ಗಂಡನ ಹಾಸಿಗೆ ಹಾಸಿ, ಒಂದು ಕಣ್ಣು ನೂಲಿನ ಮೇಲೆ, ಒಂದು ಕಣ್ಣು ಅವನ ಮೇಲೆ ಇಟ್ಟು ದಿನ ದೂಡತೊಡಗಿದಳು. ಅವನಿಗೆ ಎಲ್ಲವೂ ತಿಳಿಯುತ್ತಿತ್ತು. ಅದೇ ಕಷ್ಟವಾಗಿತ್ತು. ನೀರು ಬೇಕಾದರೆ ಹೇಳಲು ಬಾಯಿ ತೆರೆಯುತ್ತಿದ್ದ, ಬಾರದಿದ್ದಾಗ ಎಡಗೈಯಿಂದ ಗೋಡೆಗೆ ಗುದ್ದುತ್ತಿದ್ದ.

ಒಂದು ದಿನ ಮಗಳು ನಾಜಮೀನ ಅಪ್ಪನ ಪೆಟ್ಟಿಗೆಯಲ್ಲಿ ಸ್ವೆಟರ್ ಹುಡುಕುತ್ತಿದ್ದಾಗ ಒಂದು ಸೀಡಿ ಸಿಕ್ಕಿತು. ಹೊದಿಕೆಯ ಮೇಲೆ ಬಿಳಿ ಕೋಟು ತೊಟ್ಟ ಐದು ಮಂದಿ ಚೆಂದದ ಹುಡುಗರು ನಗುತ್ತ ನಿಂತಿದ್ದರು. ಹಿಂದಿನ ರಜೆಯಲ್ಲಿ ಖಾದರನೇ ತಂದುಕೊಟ್ಟ ಪ್ಲೇಯರಿಗೆ ಅವಳು ಅದನ್ನು ಹಾಕಿದಳು. ಟೀವಿಯಲ್ಲಿ ವಾದ್ಯ ಶುರುವಾಯಿತು. ಹುಡುಗರು ಕುಣಿಯುತ್ತಿದ್ದರು, ಹಾಡುವ ದನಿ ಮಾತ್ರ ಇರಲಿಲ್ಲ. ಕೆಳಗೆ ಜಪಾನಿ ಅಕ್ಷರಗಳು ಬಂದು ಒಂದೊಂದಾಗಿ ಬಣ್ಣ ಬದಲಿಸುತ್ತ ಹೋಗುತ್ತಿದ್ದವು.

ಆಗ ಹಾಸಿಗೆಯಿಂದ ಖಾದರ ಹಾಡತೊಡಗಿದ.

ತೊದಲಲಿಲ್ಲ, ತಡೆಯಲಿಲ್ಲ. ಗುರುತು ಪರಿಚಯವಿಲ್ಲದ ಆ ಭಾಷೆಯ ಸಾಲುಗಳು ಅವನ ಸೊಟ್ಟ ಬಾಯಿಂದ ನೆಟ್ಟಗೆ ಹೊರಬಿದ್ದವು. ಕಮರುನ್ನಿಸಾಳ ಕೈಯಲ್ಲಿನ ಎಳೆ ಕಡಿಯಿತು. ಪಕ್ಕದ ಮನೆಯ ಕಳಕವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಹಾಡು ಮುಗಿದಾಗ ಖಾದರನ ಕಣ್ಣಿಂದ ನೀರು ಇಳಿಯುತ್ತಿತ್ತು.

"ಅಳಾಕತ್ತಾನಲ್ಲವಾ," ಎಂದಳು ಕಳಕವ್ವ.

"ಖುಷಿಗೆ ಅಕ್ಕಾ. ದನಿ ಬಂತಲ್ಲ, ಆ ಖುಷಿಗೆ," ಎಂದಳು ಕಮರುನ್ನಿಸಾ. ಅವಳೂ ಅಳುತ್ತಿದ್ದಳು.

ಗದಗಿನ ಡಾಕ್ಟರು ಇದನ್ನು ಕೇಳಿ ಆಶ್ಚರ್ಯಪಡಲಿಲ್ಲ. "ಮಾತು ಇರೋ ಜಾಗಾಕ್ಕ ಪೆಟ್ಟು ಬಿದ್ದೈತಿ. ಹಾಡು ಬ್ಯಾರೆ ಕಡೆ ಇರ್ತದ, ಅದು ಉಳದೈತಿ," ಎಂದರು. "ಆ ಹಾಡಿನ ಧಾಟಿಗೇ ನಮ್ಮ ಮಾತು ಜೋಡಿಸಿ ಕಲಿಸ್ರಿ. ದಿನಾ ಬಿಡದಂಗ ಹಾಡಸ್ರಿ. ಒಬ್ಬೊಬ್ಬರಿಗೆ ಮಾತು ತಿರುಗಿ ಬಂದದ್ದೈತಿ."

ಅವತ್ತಿನಿಂದ ಆ ಮನೆಯಲ್ಲಿ ಮುಂಜಾನೆ, ಮಧ್ಯಾಹ್ನ, ಸಂಜೆ ಐದು ಹುಡುಗರ ಹಾಡು. ಕಮರುನ್ನಿಸಾ ಮೊದಲು ಅವನಿಂದ ಹಾಡಿಸುತ್ತಿದ್ದಳು. ಆಮೇಲೆ ಪ್ಲೇಯರ್ ಬಂದ್ ಮಾಡಿ ಅದೇ ರಾಗದಲ್ಲಿ "ನೀ...ರು ಬೇ...ಕು" ಎಂದು ತಾನು ಎಳೆಯುತ್ತಿದ್ದಳು. ತಿಂಗಳು ಕಳೆಯುವಷ್ಟರಲ್ಲಿ ಅವನು "ನೀ..." ಎನ್ನುವವರೆಗೆ ಬಂದ. ಅವಳು ಓಣಿಗೆಲ್ಲ ಸಕ್ಕರೆ ಹಂಚಿದಳು. ಕೆಲವೊಮ್ಮೆ ಅವನು ಮುಖ ತಿರುಗಿಸುತ್ತಿದ್ದ. "ಬ್ಯಾಸರ ಮಾಡ್ಕೋಬ್ಯಾಡ್ರಿ, ನಿಮ್ಮ ಸಲುವಾಗೇ ಅಲ್ಲೇನು," ಎಂದು ಅವನ ಗದ್ದ ಹಿಡಿದು ಟೀವಿಯ ಕಡೆ ತಿರುಗಿಸುತ್ತಿದ್ದಳು. ವಾದ್ಯ ಶುರುವಾಯಿತೆಂದರೆ ಅವನ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ಕಣ್ಣೀರೂ ಅಷ್ಟೇ.

ಹಾಡಿನ ಅರ್ಥ ಗೊತ್ತಾದರೆ ಕಲಿಸುವುದು ಹಗುರಾದೀತು ಅನಿಸಿತು ಅವಳಿಗೆ. ನಿಜಾಮುದ್ದೀನ ಕೆಲಸ ಬಿಟ್ಟು ಬಂದು ನರಗುಂದದಲ್ಲಿ ಚಹಾದಂಗಡಿ ಇಟ್ಟಿದ್ದಾನೆಂದು ಸುದ್ದಿಯಿತ್ತು. ಗಂಡನನ್ನು ಮಗಳಿಗೆ ಒಪ್ಪಿಸಿ ರೋಣದ ಬಸ್ಸು ಹತ್ತಿದಳು, ಅಲ್ಲಿಂದ ನರಗುಂದದ್ದು.

ನಿಜಾಮುದ್ದೀನ ಈ ಸಲ ಕೂಡ್ರಿಸಿ ಮಾತಾಡಿದ. ಹಾಡಿನ ಸುದ್ದಿ ಕೇಳಿ ಅವನ ಮುಖ ಅರಳಿತು.

"ಅಯ್ಯ, ಆ ಹಾಡೇನು! ಆ ಐದು ಹುಡುಗರಂದ್ರ ಅಲ್ಲಿ ಮಂದಿ ಜೀವಾ ಬಿಡ್ತಾರ ಭಾಬಿ. ಮುದುಕ್ಯಾರು ಸೈತ ಅವರ ಫೋಟೋ ಇಟ್ಕೊಂಡಿರ್ತಾರ. ಹೋಟೆಲ್ ಮ್ಯಾಲಿನ ಮಾಳಗಿಯೊಳಗ ಕರೋಕೆ ಕೋಣಿ ಇದ್ವು. ಮೈಕ್ ಹಿಡಕೊಂಡು, ಟೀವ್ಯಾಗ ಅಕ್ಷರ ನೋಡ್ಕೊಂತ ಗಿರಾಕಿಗಳು ಹಾಡೂದು. ಎಲ್ಲಾರಿಗೂ ಅದ ಹಾಡು ಬೇಕು."

"ಇವರು ಹ್ಯಾಂಗ ಕಲತ್ರು?"

"ಮಾಲಕ ಕಲಿಸಿದ, ಅವನೂ ನಮ್ಮ ದೇಶದಾಂವನ. ಹಿಂದುಸ್ತಾನದ ಬಾಣಸಿಗ ತಲಿಗೆ ಜರಿ ರುಮಾಲ ಸುತಗೊಂಡು ಅವರ ಹಾಡು ಹಾಡಿದ್ರ ಗಿರಾಕಿಗಳು ಬಿದ್ದು ಬಿದ್ದು ನಗೋರು. ಸೀಡಿ ಕೊಟ್ಟು, ಬಾಯಿಪಾಠ ಮಾಡು ಅಂದ. ಮೊದಲ ಮೊದಲ ಖಾದರಗೂ ಮಜಾ ಅನಿಸ್ತು. ಆಮ್ಯಾಲೆ ದಿನಾ ಭಟ್ಟಿ ಮುಂದ ಬೆಂದು ಬಂದು ಅದನ್ನ ಹಾಡೂದಂದ್ರ..." ನಿಜಾಮುದ್ದೀನ ತಲೆಯಾಡಿಸಿದ. "ಒಮ್ಮೆ ಒಲ್ಲೆ ಅಂದ. ಹಾಡಾಕ ಆಗಲ್ಲಂದ್ರ ಊರಿಗೆ ನಡಿ, ವೀಸಾ ನನ್ನ ಕೈಯಾಗೈತಿ ಅಂದ ಮಾಲಕ."

ನಿಜಾಮುದ್ದೀನನ ಹೆಂಡತಿ ಹುಸ್ನಾ ಚಹಾ ತಂದಿಟ್ಟು ಬಾಗಿಲಲ್ಲೇ ನಿಂತಳು.

"ಬಿದ್ದ ದಿನ?" ಎಂದಳು ಕಮರುನ್ನಿಸಾ.

"ವರ್ಷ ಮುಗಿಯೋ ದಾವತ್ ಇತ್ತು. ಮುಂಜಾನಿಂದ ತಲಿನೋವು ಅಂತಿದ್ದ. ಆದ್ರೂ ಹಾಡಾಕ ಮಾಳಗಿ ಹತ್ತಿಸಿದ್ರು. ಅರ್ಧಾ ಹಾಡಿನ್ಯಾಗ ನಾಲಿಗಿ ತೊದಲಾಕತ್ತು. ಕಾಮಿಡಿ ಮಾಡಾಕತ್ತಾನ ಅಂತ ತಿಳದ್ರು ಎಲ್ಲಾರೂ, ಚಪ್ಪಾಳಿ ಹೊಡದ್ರು. ಬಿದ್ದ ಮ್ಯಾಲೂ ಹೊಡದ್ರು."

"ದವಾಖಾನಿಗೆ?"

"ಒಯ್ದ್ರಲ್ಲ." ನಿಜಾಮುದ್ದೀನ ಈಗ ಚಹಾದ ಕಪ್ಪು ನೋಡುತ್ತಿದ್ದ. "ಗಿರಾಕಿಗಳು ಹ್ವಾದ ಮ್ಯಾಲೆ."

ಅರ್ಥವನ್ನೂ ಅವನು ಹೇಳಿದ. ಸ್ನೇಹಿತಾ ನಗುತ್ತಿರು, ಸೋತರೂ ನಗುತ್ತಿರು, ನಿನ್ನ ಬೆನ್ನಿಗೆ ನಾವಿದ್ದೇವೆ ಎಂದೇನೋ. ಕಮರುನ್ನಿಸಾ ಚಹಾ ಮುಟ್ಟದೆ ಎದ್ದಳು.

ರೋಣದಲ್ಲಿ ಬಸ್ಸು ಬದಲಿಸಬೇಕಿತ್ತು. ಬಂದ ಬಸ್ಸು ಬಿಟ್ಟಳು, ಅದರ ಮುಂದಿನದನ್ನೂ ಬಿಟ್ಟಳು. ಗದ್ದ ಹಿಡಿದು ಟೀವಿಯ ಕಡೆ ತಿರುಗಿಸಿದ್ದು ಅವಳ ಬೆರಳುಗಳಿಗೆ ನೆನಪಿತ್ತು. ಆ ಬೆರಳುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬುರ್ಖಾದೊಳಗೆ ಮುಚ್ಚಿಕೊಂಡು ಕುಳಿತಳು.

ಮನೆಗೆ ಬಂದಾಗ ನಾಜಮೀನ ಸಂಜೆಯ ಪಾಠಕ್ಕೆಂದು ಪ್ಲೇಯರ್ ಹಚ್ಚುತ್ತಿದ್ದಳು. ಕಮರುನ್ನಿಸಾ ಸೀಡಿ ಹೊರತೆಗೆದು ಮಡಚಿ ಮುರಿದಳು.

"ಅಮ್ಮಿ! ಮಾತು ಬರಾಕ ಅದೊಂದ ದಾರಿ ಇತ್ತು!" ಮಗಳು ಚೀರಿದಳು.

ಕಮರುನ್ನಿಸಾ ಗಂಡನ ಪಕ್ಕ ಕುಳಿತಳು. "ನಿಜಾಮುದ್ದೀನ ಎಲ್ಲಾ ಹೇಳಿದ," ಎಂದಳು ಅಳುತ್ತ. "ನನಗ ಗೊತ್ತಿರಲಿಲ್ರಿ. ದಿನಾ ನಿಮ್ಮನ್ನ ಅಲ್ಲೇ ಒಯ್ದು ನಿಲ್ಲಿಸಿದೆ."

ಖಾದರ ಅವಳನ್ನೇ ನೋಡಿದ. ತುಟಿಗಳು ಅಲುಗಿದವು. ಏನೂ ಬರಲಿಲ್ಲ. ಗಂಟಲಲ್ಲಿ ಮೆಲ್ಲಗೆ ಅದೇ ರಾಗ ಹಿಡಿದ, ಜಪಾನಿ ಮಾತಿಲ್ಲದೆ, ಬರೀ ಧಾಟಿ. ಮೊದಲ ಸಾಲಿನ ಮೇಲೆ ಹತ್ತಿ, ಜಾರಿ, ಮತ್ತೆ ಹತ್ತಿ, ಕೊನೆಗೆ ಒಂದು ಮಾತು ಅದರ ಮೇಲೆ ಇಟ್ಟ.

"ಸಾ...ಕು."

ಅದನ್ನು ಯಾರೂ ಅವನಿಗೆ ಕಲಿಸಿರಲಿಲ್ಲ. ಹಾಡು ಸಾಕೆಂದನೋ, ಅವಳ ಅಳು ಸಾಕೆಂದನೋ, ಅಂದು ಮಾಲಕನಿಗೆ ಹೇಳಬೇಕಾಗಿದ್ದದ್ದು ಇಂದು ಬಂತೋ, ಕೇಳಿದರೆ ಹೇಳಲು ಅವನಲ್ಲಿ ಬೇರೆ ಮಾತಿರಲಿಲ್ಲ. ಅವಳು ಅವನ ಎಡಗೈ ತನ್ನ ಕೆನ್ನೆಗೆ ಒತ್ತಿಕೊಂಡಳು.

ಆಮೇಲೆ ಅವಳು ಬೇರೆ ರಾಗಗಳಿಂದ ಪ್ರಯತ್ನಿಸಿದಳು. ನಾಜಮೀನಳನ್ನು ತೊಟ್ಟಿಲಲ್ಲಿ ತೂಗಿದ ಹಾಡು, ಮದುವೆಮನೆಯ ಹಾಡು. ಅವನು ಕಿವಿಗೊಟ್ಟು ಕೇಳುತ್ತಿದ್ದ, ಬಾಯಿಗೆ ಮಾತ್ರ ಏನೂ ಹತ್ತಲಿಲ್ಲ. "ನೀ..." ಎಂಬುದೂ ಹೋಯಿತು. ಗೋಡೆಗೆ ಗುದ್ದುವುದನ್ನು ಬಿಟ್ಟ. ರಮಜಾನಿಗೆ ಮುಂಚೆ ಎರಡನೇ ಸಲ ಲಕ್ವಾ ಹೊಡೆದು, ಗದಗಿನ ದಾರಿಯಲ್ಲೇ ತೀರಿಕೊಂಡ.

ನಲವತ್ತನೇ ದಿನದ ಫಾತಿಹಾ ಓದಿಸಿದ ಮೇಲೆ ಒಂದು ಮಧ್ಯಾಹ್ನ ಫೋನು ಬಂತು. ಮಾಲಕ. ಹಿಂದಿಯಲ್ಲಿ ಬಹಳ ಮೆತ್ತಗೆ ಮಾತಾಡಿದ. ಖಾದರ ತನಗೆ ತಮ್ಮನಂತಿದ್ದ, ಗಿರಾಕಿಗಳು ಇವತ್ತಿಗೂ ಅವನ ಹಾಡು ನೆನೆಸುತ್ತಾರೆ ಎಂದ.

ಕಮರುನ್ನಿಸಾ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು: "ಬಿದ್ದ ಮೇಲೆ ಎಷ್ಟು ಹೊತ್ತಿಗೆ ದವಾಖಾನೆಗೆ ಒಯ್ದಿರಿ?"

ಆ ಕಡೆಯಿಂದ ಫೋನು ಕಡಿಯಿತು.

"ಯಾರು ಅಮ್ಮಿ?" ಎಂದಳು ನಾಜಮೀನ.

"ನಿಮ್ಮಬ್ಬಾನ ಮಾಲಕ."

"ಏನಂದಾ?"

"ಏನೂ ಅನ್ನಲಿಲ್ಲ," ಎಂದು ಕಮರುನ್ನಿಸಾ ಚರಕದ ಮುಂದೆ ಕುಳಿತು ನೂಲಿನ ತುದಿ ಹುಡುಕತೊಡಗಿದಳು.