ಫ್ರಾಕಿನ ಬಿಳುಪು

ಬಕೆಟಿನ ಉಗುರುಬೆಚ್ಚಗಿನ ನೀರಿಗೆ ನಾಲ್ಕು ಲಿಂಬೆ ಹಿಂಡಿದೆ. ಬೀಜಗಳನ್ನು ಹೆಕ್ಕಿ ತೆಗೆದು, ಫ್ರಾಕನ್ನು ಮುಳುಗಿಸಿ, ಮೇಲೊಂದು ತಟ್ಟೆ ಕವುಚಿಟ್ಟೆ. ಮನೆಯೊಡತಿ ಒಲಿಂಡಾ ಬಾಯಮ್ಮ ಬಾಗಿಲಲ್ಲಿ ನಿಂತು ನೋಡಿ ಹೋದರು.

ಅದು ಬಾಯಮ್ಮ ಊರಲ್ಲಿ ಮೊದಲ ಪರಮಪ್ರಸಾದಕ್ಕೆ ತೊಟ್ಟ ನೈಲಾನ್ ಫ್ರಾಕು. ಪೆಟ್ಟಿಗೆಯಲ್ಲಿದ್ದು ಚಹಾದ ಬಣ್ಣಕ್ಕೆ ತಿರುಗಿತ್ತು. ಶುಕ್ರವಾರ ಇಲ್ಲಿ ಗಲ್ಫಿನಲ್ಲಿ, ಊದ್ ಮೇಥಾದ ಇಗರ್ಜಿಯಲ್ಲಿ, ಅವರ ಮಗಳು ಜೋಯ್ಲಿನ್ ತನ್ನ ಮೊದಲ ಪರಮಪ್ರಸಾದಕ್ಕೆ ಅದನ್ನೇ ತೊಡಬೇಕು. ಜೋಯ್ಲಿನ್‌ಳ ಗಾಡ್‌ಮದರ್ ಕ್ರಿಸ್ಟಿನಾ ಹೋಟೆಲೊಂದರಲ್ಲಿ ಲಾಂಡ್ರಿ ಸೂಪರ್‌ವೈಸರ್. "ಇದನ್ನು ಬಿಳಿ ಮಾಡಿ ತೋರಿಸು. ನಮ್ಮಲ್ಲಿ ನಿನಗೆ ವೀಸಾ ಮಾಡಿಸ್ತೇನೆ" ಅಂದಿದ್ದರು. ಮೂರು ವರ್ಷದಿಂದ ಈ ಮನೆಯ ಅಡುಗೆಕೋಣೆಯಲ್ಲಿ ಮಲಗುವ ನನಗೆ ಅಷ್ಟು ಸಾಕಿತ್ತು.

ಅಮ್ಮ ಊರಿನ ಇಗರ್ಜಿಯ ಪೀಠದ ಬಟ್ಟೆ ಒಗೆಯುತ್ತಿದ್ದುದು ಹೀಗೆಯೇ. ಲಿಂಬೆ, ಬಿಸಿಲು, ಕೊನೆಗೆ ಒಂದು ಹನಿ ನೀಲಿ. ಇಲ್ಲಿ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಂತಿಲ್ಲ; ಹಾಕಿದರೆ ವಾಚ್‌ಮ್ಯಾನ್ ಬಂದು ಬೆಲ್ ಒತ್ತುತ್ತಾನೆ. ಹಾಗಾಗಿ ಹಾಲ್‌ನ ಗಾಜಿನ ಬಾಗಿಲ ಒಳಗೆ ಬಿಸಿಲು ಸರಿದಂತೆ ಸ್ಟ್ಯಾಂಡನ್ನೂ ಸರಿಸುತ್ತಿದ್ದೆ. ಎರಡು ದಿನದಲ್ಲಿ ಕಾಲರು ಬೆಳ್ಳಗಾಯಿತು. ತೋಳುಗಳಷ್ಟೇ ಬಾಕಿ.

ಬುಧವಾರ ಬಾಯಮ್ಮ ಬ್ಲೀಚ್ ಬಾಟಲಿ ತಂದರು.

"ಬೇಡ ಬಾಯಮ್ಮ. ನೈಲಾನಿಗೆ ಹಾಕಬಾರದು ಅಂತ ಅದರಲ್ಲೇ ಬರೆದುಂಟು."

"ಎಂಟನೇ ಕ್ಲಾಸಿನವಳು ನನಗೆ ಓದಿ ಹೇಳುವುದು ಬೇಡ. ನಿನ್ನ ಲಿಂಬೆ ಶರಬತ್ತು ಖಲಾಸ್."

ಜೋಯ್ಲಿನ್ ನೋಡುತ್ತಿದ್ದಂತೆ ಅರ್ಧ ಬಾಟಲಿ ಬಕೆಟಿಗೆ ಸುರಿದು ಫ್ರಾಕನ್ನು ಅದ್ದಿದರು. ತೆಗೆದಾಗ ಫ್ರಾಕಿಗೆ ಬೇಯಿಸಿದ ಮೊಟ್ಟೆಯ ಹಳದಿ ಹತ್ತಿತ್ತು. ನಾನು ಬೆಳ್ಳಗೆ ಮಾಡಿದ್ದ ಕಾಲರಿಗೂ.

ಸಂಜೆ ಬಂದ ಕ್ರಿಸ್ಟಿನಾ ಅದನ್ನೆತ್ತಿ ಮೂಸಿದರು. "ನೈಲಾನಿಗೆ ಬ್ಲೀಚಾ?"

"ಎಂತ ಹೇಳುವುದು ಮಾರಾಯ್ತಿ," ಎಂದರು ಬಾಯಮ್ಮ. "ಶಾಲೆ ಬಿಟ್ಟ ಹುಡುಗಿ. ಲೇಬಲ್ ಓದ್ಲಿಕ್ಕೆ ಬರುದಿಲ್ಲ."

"ಇಂಥವಳನ್ನು ಲಾಂಡ್ರಿಗೆ ಸೇರಿಸಿ ನಾನು ಬೈಗುಳ ತಿನ್ನಬೇಕಾ?" ಕ್ರಿಸ್ಟಿನಾ ಕೇಳಿದ್ದು ನನ್ನನ್ನಲ್ಲ, ಬಾಯಮ್ಮನನ್ನು.

ಚಹಾದ ಟ್ರೇಯನ್ನು ಕೆಳಗೆ ಕುಕ್ಕಿದೆ. ಬಾತ್‌ರೂಮಿನಿಂದ ಬಾಟಲಿ ತಂದು ಕ್ರಿಸ್ಟಿನಾರ ಮುಂದಿಟ್ಟು, ಅದರ ಇಂಗ್ಲಿಷನ್ನು ಒಂದೊಂದೇ ಪದ ಗಟ್ಟಿಯಾಗಿ ಓದಿದೆ. ನೈಲಾನ್ ಎಂದಿರುವಲ್ಲಿ ಉಗುರು ಊರಿದೆ. ಈ ಮನೆಯಲ್ಲಿ ನನ್ನ ದನಿಯನ್ನು ಅಷ್ಟು ಜೋರಾಗಿ ಯಾರೂ ಕೇಳಿರಲಿಲ್ಲ.

ಜೋಯ್ಲಿನ್ ಐಪ್ಯಾಡಿನಿಂದ ಕಣ್ಣೆತ್ತಿ ತಾಯಿಯನ್ನು ನೋಡಿ, ಮತ್ತೆ ತಲೆ ತಗ್ಗಿಸಿದಳು. ಬಾಯಮ್ಮ ಫ್ರಾಕನ್ನು ಮಡಚಿ, ಬಿಡಿಸಿ, ಮತ್ತೆ ಮಡಚುತ್ತಿದ್ದರು.

"ಬಾಯಮ್ಮ, ಬ್ಲೀಚ್ ಸುರಿದದ್ದು ಯಾರು ಅಂತ ಇವರಿಗೆ ಹೇಳಿ."