ಗೆಸ್ಟ್ ಬಂಗಾರೆವ್ವ

"ಆ ತಟ್ಟೆ ಇಡು ಕೆಳಗೆ! ನಿಂದು ಗ್ಯಾರೇಜಲ್ಲಿ ಉಂಟಲ್ಲ ಮಾರಾಯ್ತಿ, ಎಷ್ಟು ಸಲ ಹೇಳುವುದು ನಿನಗೆ?"

ಬೆಳಗಾಗುವ ಮುಂಚೆಯೇ ಆನಂದತೀರ್ಥ ರಾಯರ ಸುಪ್ರಭಾತ ಶುರುವಾಗಿತ್ತು. ಸ್ಯಾನ್ ರಮೋನಿನ ಅವರ ಅಡುಗೆಮನೆಯಲ್ಲಿ ಒಂದು ತುಂಡು ಬ್ರೆಡ್ಡು ತಿನ್ನಲು ನಾನು ಕೈಗೆ ಸಿಕ್ಕ ತಟ್ಟೆ ಎತ್ತಿಕೊಂಡಿದ್ದೆ, ಅಷ್ಟೇ. ನನ್ನ ತಟ್ಟೆ, ಲೋಟ, ಹಾಸಿಗೆ ಎಲ್ಲ ಇರುವುದು ಗ್ಯಾರೇಜಿನಲ್ಲಿ, ಬಟ್ಟೆ ಒಗೆಯುವ ಮಷೀನಿನ ಪಕ್ಕ. ನಾನು ಕೈಯಾರೆ ತಟ್ಟಿದ ರೊಟ್ಟಿ ಮಾತ್ರ ರಾಯರ ಹೋಟೆಲಿನ ಎಲ್ಲ ಟೇಬಲ್ಲಿಗೂ ಹೋಗುತ್ತದೆ. ಅಂಗೈಗೆ ಇಲ್ಲದ ಮೈಲಿಗೆ ತಟ್ಟೆಗೆ ಹೇಗೆ ಬಂತೋ, ಆ ಶಾಸ್ತ್ರ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆವತ್ತು ನಾವು ಹೊರಟದ್ದು ಕಾರುಗಳ ರೇಸಿಗೆ. ಫ್ರೀವೇಯಲ್ಲಿ ದಕ್ಷಿಣಕ್ಕೆ ಆರು ತಾಸು ಹೋದರೆ ಮರುಭೂಮಿ, ಅದರ ನಡುವೆ ರೇಸಿನ ರಸ್ತೆ. ರಾಯರು ವಾಲ್ನಟ್ ಕ್ರೀಕಿನಲ್ಲಿ ಇನ್ನೊಂದು ಹೋಟೆಲು ತೆರೆಯುವವರಿದ್ದರು. ಅದಕ್ಕೆ ಬಂಡವಾಳ ಹಾಕುವ ಪಾಲೋ ಆಲ್ಟೋದ ಎಂಟು ಜನ ಗೆಳೆಯರನ್ನು ಖುಷಿಪಡಿಸಲು ರೇಸಿನ ರಸ್ತೆಯ ಅಂಚಿನಲ್ಲೇ ಟೆಂಟು ಹಿಡಿದಿದ್ದರು. ರೇಸು ನೋಡುತ್ತ ಬಿಸಿಬಿಸಿ ಜೋಳದ ರೊಟ್ಟಿ ತಿನ್ನಿಸುವುದು ಅವರ ಲೆಕ್ಕಾಚಾರ. ರೊಟ್ಟಿಗೆ ನಾನು, ಪಾತ್ರೆಗೆ ಇಳಕಲ್ಲಿನ ಕಮರುದ್ದೀನ್.

ಅಡುಗೆಯವರೆಂದು ಬರೆಸಿದರೆ ಪರ್ಮಿಟ್ಟು, ಇನ್ಶೂರೆನ್ಸು ಅಂತ ಹತ್ತು ತಕರಾರು. ಜಾಣ ರಾಯರು ನಮ್ಮಿಬ್ಬರನ್ನೂ 'ಗೆಸ್ಟು' ಎಂದು ಬರೆಸಿಬಿಟ್ಟರು. ಗೆಸ್ಟು ಎಂದರೆ ಗೇಟಿನಲ್ಲಿ ಗುರುತು ತೋರಿಸಬೇಕು. ನಮ್ಮ ಗುರುತೆಲ್ಲ ಇದ್ದದ್ದು ರಾಯರ ದೇವರ ಕೋಣೆಯಲ್ಲಿ.

ಹೌದು, ಎರಡು ವರ್ಷದಿಂದ ನನ್ನ ಪಾಸ್‌ಪೋರ್ಟು ದೇವರ ಮಗ್ಗುಲಲ್ಲಿ ಕೂತಿತ್ತು. ಆ ಕೋಣೆಯ ಹೊಸ್ತಿಲು ನಾನು ದಾಟುವಂತಿಲ್ಲ, ಅದಕ್ಕೇ ಅಲ್ಲಿಟ್ಟಿದ್ದರು. ಒಂದು ವರ್ಷದ ಕೆಲಸ ಎಂದು ಕರೆತಂದವರು ಎರಡಾದರೂ ಬಿಟ್ಟಿರಲಿಲ್ಲ. ಬರುವ ತಿಂಗಳು ನನ್ನ ಮಗಳು ನವ್ಯಾಳ ಹೆರಿಗೆ. ಚೊಚ್ಚಲು. ತಂದೆಯಿಲ್ಲದ ಹುಡುಗಿ, ನಾನು ಹೋಗದಿದ್ದರೆ ಬಾಣಂತನಕ್ಕೆ ಯಾರೂ ಇಲ್ಲ. ಊರಿಗೆ ಹೋಗುತ್ತೇನೆಂದು ಮೂರು ಸಲ ಬೇಡಿಕೊಂಡಿದ್ದೆ. "ಹೋಟೆಲು ಓಪನ್ ಆಗ್ಲಿ, ನೋಡುವ" ಎಂದಿದ್ದರು. ಬಸುರಿ ಹೆಣ್ಣು ಹೋಟೆಲು ಓಪನ್ ಆಗುವ ತನಕ ಕಾಯುತ್ತದೆಯೇ?

ಗೇಟಿನಲ್ಲಿ ಕಪ್ಪು ಕನ್ನಡಕದ ದಪ್ಪನೆಯ ಹೆಂಗಸು ನಿಂತಿದ್ದಳು. ರಾಯರು ಎರಡೂ ಪಾಸ್‌ಪೋರ್ಟುಗಳನ್ನು ತಾವೇ ಚಾಚಿದರು. ಅವಳು ತಲೆಯಾಡಿಸಿ ಏನೋ ಹೇಳಿದಳು. ರಾಯರು ನಕ್ಕು ಏನೋ ಹೇಳಿದರು. ಅವಳು ನಗಲಿಲ್ಲ.

ರಾಯರ ಮಗಳು ಆಶ್ರಿತಾ ಫೋನಿನಿಂದ ತಲೆ ಎತ್ತದೆಯೇ ಹೇಳಿದಳು: "ಪಪ್ಪಾ, ಅವ್ರ ಪಾಸ್‌ಪೋರ್ಟ್ ಅವ್ರೇ ಕೊಡ್ಬೇಕಂತೆ. ಜಸ್ಟ್ ಗಿವ್ ಇಟ್ ಟು ಹರ್!"

ಹಿಂದೆ ಸಾಲು ಬೆಳೆಯುತ್ತಿತ್ತು, ಗೆಳೆಯರೆಲ್ಲ ನೋಡುತ್ತಿದ್ದರು. ರಾಯರು ಮುಖ ಹುಳ್ಳಗೆ ಮಾಡಿಕೊಂಡು ಒಂದು ಪಾಸ್‌ಪೋರ್ಟನ್ನು ಕಮರುದ್ದೀನನಿಗೆ, ಇನ್ನೊಂದನ್ನು ನನ್ನ ಕೈಗೆ ಕೊಟ್ಟರು. ತುದಿಗೆ ಕುಂಕುಮ ಮೆತ್ತಿತ್ತು. ತೆರೆದರೆ ಒಳಗೆ ನಾನೇ, ಎರಡು ವರ್ಷ ಚಿಕ್ಕವಳು, ಕಣ್ಣು ದೊಡ್ಡದು ಮಾಡಿಕೊಂಡು ಕೂತಿದ್ದೆ. ನನಗೆ ಅಳು ಬಂತು, ನಗುವೂ ಬಂತು. ಆ ಹೆಂಗಸು ಫೋಟೋ ನೋಡಿ, ನನ್ನನ್ನು ನೋಡಿ, ರಾಯರಿಗೆ ಕಟ್ಟಿದಂಥದೇ ನೀಲಿ ಪಟ್ಟಿಯನ್ನು ನನ್ನ ಮಣಿಕಟ್ಟಿಗೂ ಕಟ್ಟಿದಳು.

ಎರಡು ಹೆಜ್ಜೆ ಹೋಗುವಷ್ಟರಲ್ಲಿ ರಾಯರು ಅಂಗೈ ಚಾಚಿದರು. "ಕೊಡು ಇತ್ಲಾಗೆ."

"ಮುಂದ ಇನ್ನೊಂದು ಗೇಟ ಐತೇನೋ ರೀ, ಇರಲಿ ತಡೀರಿ" ಎಂದು ಅದನ್ನು ಕುಪ್ಪಸದೊಳಗೆ ತುರುಕಿದೆ. ಅಲ್ಲಿಗೆ ಕೈ ಹಾಕುವಷ್ಟು ಧೈರ್ಯ ಅವರಿಗಿಲ್ಲ, ಮೈಲಿಗೆಯಾದೀತಲ್ಲ.

ರೇಸು ಶುರುವಾಯಿತು. ಅಬ್ಬಾ, ಅದೇನು ಸದ್ದು! ಒಂದರ ಹಿಂದೊಂದು ಕಾರು ಅರಚಿಕೊಂಡು ಹೋಗುವುದು, ಎರಡು ನಿಮಿಷಕ್ಕೆ ಮತ್ತೆ ಅಲ್ಲಿಗೇ ಬರುವುದು. ನಮ್ಮ ಕಣದಲ್ಲಿ ಹಂತಿಯ ಎತ್ತು ತಿರುಗಿದರೆ ಕಾಳಾದರೂ ಉದುರುತ್ತವೆ. ಇಲ್ಲಿ ಉದುರುತ್ತಿದ್ದದ್ದು ಬರೀ ಮರಳು, ಅದೂ ನನ್ನ ಹಿಟ್ಟಿನೊಳಗೆ. ಕಮರುದ್ದೀನ್ ಪರದೆ ಹಿಡಿದು ನಿಂತ, ನಾನು ತಟ್ಟಿದೆ.

ರಾಯರು ಒಲೆಯ ಹತ್ತಿರ ಬಂದು ಹಲ್ಲು ಕಚ್ಚಿಕೊಂಡು, "ಶನಿ, ಪಾಸ್‌ಪೋರ್ಟ್ ಕೊಡ್ತೀಯಾ ಇಲ್ವಾ, ನಿನ್ನ—" ಎನ್ನುವಾಗ ಕಾರುಗಳು ಬಂದವು. ಮುಂದೆ ಬರೀ ಬಾಯಿ ಕಾಣಿಸಿತು, ಮಾತು ಕೇಳಿಸಲಿಲ್ಲ. ನೀರಿನಿಂದ ತೆಗೆದ ಮೀನಿನ ಹಾಗೆ ಬಾಯಿ ತೆರೆಯುತ್ತ ಮುಚ್ಚುತ್ತ ನಿಂತಿದ್ದರು. ನನಗೆ ಆಗ ಹೊಳೆಯಿತು: ಅವರದು ನನಗೆ ಕೇಳಿಸದಿದ್ದರೆ ನನ್ನದೂ ಅವರಿಗೆ ಕೇಳಿಸುವುದಿಲ್ಲ.

ಮುಂದಿನ ಸುತ್ತಿಗೆ ಬಾಯಿ ಬಿಟ್ಟೆ. ಹಿಟ್ಟು ನಾದುತ್ತ, ತಲೆ ತಗ್ಗಿಸಿ, ಮುಖದ ಮೇಲೆ ವಿನಯ ಇಟ್ಟುಕೊಂಡೇ ಬೈದೆ. "ಹಲ್ಕಟ್ ಸೂಳೇಮಗನ, ನಿನ್ನ ಬಾಯಾಗ ಮಣ್ಣ ಹಾಕಲಿ!" ಎಂಥ ಸುಖ ಅಂತೀರಿ! ಒಂದು ಸುತ್ತಿಗೆ ಗ್ಯಾರೇಜು, ಇನ್ನೊಂದಕ್ಕೆ ತಟ್ಟೆ, ಮತ್ತೊಂದಕ್ಕೆ ಜ್ವರದಲ್ಲಿ ಕೆಲಸ ಮಾಡಿಸಿದ್ದು. ರಾಯರು ಗೆಳೆಯರಿಗೆ ರೊಟ್ಟಿ ಬಡಿಸುತ್ತ ನನ್ನ ಕಡೆ ನೋಡಿ ತಲೆಯಾಡಿಸುತ್ತಿದ್ದರು, ನಾನೂ ಬೈಯುತ್ತಲೇ ತಲೆಯಾಡಿಸುತ್ತಿದ್ದೆ. ತುಟಿ ಓದಲು ಬರುವ ಕಮರುದ್ದೀನ್ ಮಾತ್ರ ನಕ್ಕು ನಕ್ಕು ಪರದೆ ಕೈಬಿಟ್ಟ.

ಹತ್ತೋ ಹನ್ನೊಂದೋ ಸುತ್ತಾಗಿರಬೇಕು. ಎಲ್ಲೋ ಒಂದು ಕಾರು ಗೋಡೆಗೆ ಉಜ್ಜಿತಂತೆ, ಒಳಗಿದ್ದವನಿಗೆ ಏನೂ ಆಗಲಿಲ್ಲವಂತೆ, ಕೆಂಪು ಬಾವುಟ ಬೀಸಿ ಎಲ್ಲ ಕಾರು ನಿಲ್ಲಿಸಿದರಂತೆ. ಇದೆಲ್ಲ ಆಮೇಲೆ ಗೊತ್ತಾದದ್ದು. ನಾನು ಆ ಹೊತ್ತಿಗೆ ಗಂಟಲು ಹರಿಯುವಂತೆ ಅರಚುತ್ತಿದ್ದೆ.

"—ನನ್ನ ಪಾಸ್‌ಪೋರ್ಟ ನಾ ಕೊಡೂದಿಲ್ಲೋ ಭಾಡ್ಯಾ!"

ಮರುಭೂಮಿಗೆ ಮರುಭೂಮಿಯೇ ಗಪ್‌ಚಿಪ್. ಎಂಟು ಜನರೂ ರೊಟ್ಟಿ ಬಾಯಿಗಿಟ್ಟುಕೊಂಡೇ ತಿರುಗಿದರು, ಎಲ್ಲರೂ ಕನ್ನಡದವರು. ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ತಪ್ಪಾಯ್ತು ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆ ತನಕ ಬಂತು. ಅದರ ಹಿಂದೆಯೇ ನವ್ಯಾಳ ಮುಖ ಬಂತು.

"ಹಳ್ಳಿಯವಳು, ಸುಮ್ಮನೆ ತಮಾಷೆ ಮಾಡ್ತಾಳೆ" ಎಂದು ರಾಯರು ನಕ್ಕರು. ಯಾರೂ ನಗಲಿಲ್ಲ.

"ತಮಾಸಿ ಅಲ್ರಿ" ಎಂದೆ. ಈ ಸಲ ಮೆಲ್ಲಗೆ, ಒಂದೊಂದೇ ಮಾತು. "ಎರಡ ವರ್ಷ ಇವರ ಇಟ್ಕೊಂಡಿದ್ರು. ಇನ್ನ ನಾ ಕೊಡೂದಿಲ್ಲ. ನಾ ಊರಿಗೆ ಹೊಕ್ಕೇನಿ."

"ನಂದೂ ನನ್ನ ಕಿಸೆದಾಗ ಐತ್ರಿ" ಎಂದ ಕಮರುದ್ದೀನ್. "ಅಲ್ಲೇ ಇರತೈತಿ."

ರಾಯರು ನನ್ನ ಕಿವಿಯ ಹತ್ತಿರ ಬಂದರು. ಮುಖ ಕೆಂಪಾಗಿತ್ತು. "ನಿನ್ನ ವೀಸಾ ಕ್ಯಾನ್ಸಲ್ ಮಾಡಿಸಿ, ಪೊಲೀಸಿಗೆ ಹಿಡಿಸಿ—" ಎಂದು ಪಿಸುಗುಟ್ಟಿದರು.

"ಜೋರಾಗಿ ಹೇಳ್ರಿ ರಾಯರ" ಎಂದೆ. "ಈಗ ಗಾಡಿ ನಿಂತಾವು. ಎಲ್ಲಾರಿಗೂ ಕೇಳತೈತಿ."

ಅವರು ಗೆಳೆಯರನ್ನು ನೋಡಿದರು, ಮಗಳನ್ನು ನೋಡಿದರು. ಆಶ್ರಿತಾ ಫೋನು ಕೆಳಗಿಟ್ಟು ಅಪ್ಪನನ್ನೇ ದಿಟ್ಟಿಸುತ್ತಿದ್ದಳು. ರಾಯರು ರಸ್ತೆಯ ಕಡೆ ತಿರುಗಿ ಕಾರು ಯಾವಾಗ ಹೊರಡುತ್ತವೋ ಎಂದು ಕಾಯುತ್ತ ನಿಂತರು. ಒಂದೂ ಹೊರಡಲಿಲ್ಲ.