ಬಾಬುಸಾಬ, ವಯಸ್ಸು ಮೂವತ್ತೆರಡು

ನಗುತ್ತಿದ್ದಾನೆ, ಈ ಕಂಪೌಂಡರ ಬಸಲಿಂಗಯ್ಯ ಯಾಕೆ ನನ್ನನ್ನು ನೋಡಿ ನಗುತ್ತಿದ್ದಾನೆ, ಗೇಲಿಯ ನಗೆಯಾದರೆ ನನಗೆ ಗೊತ್ತು, ಇದು ಅದಲ್ಲ, ಇದು ಬೀಗರನ್ನು ಕಂಡಾಗ ನಗುವ ನಗೆ — ಬಾರವಾ, ಕುಂದ್ರು, ಸಾಲಿನ್ಯಾಗ ನಿಂದ್ರೂದ ಬ್ಯಾಡ, ಚಾ ಕುಡೀತಿ ಏನು, ಅಂದ. ನನಗೆ ಚಹಾ ಕೇಳಿದ ಮೊದಲ ಸರಕಾರಿ ಮನುಷ್ಯ. ತೊಡೆಯ ಸಂದಿಯ ಕುರು ಬೆಂಚಿಗೆ ತಾಗಿದರೆ ಜೀವ ಹೋಗುತ್ತದೆ, ಒಂದೇ ಮಗ್ಗುಲಿಗೆ ಕೂತಿದ್ದೇನೆ, ಐದು ದಿನದ ಜ್ವರ, ಆದರೂ ಕಣ್ಣು ಮುಚ್ಚಬಾರದು, ಶಾಲೆಗೆ ರಜೆ ಕೊಟ್ಟು ಶಿಬಿರ ಹಾಕಿದ್ದಾರೆ, ಎಲ್ಲ ರೋಗಕ್ಕೂ ಔಷಧ ಎಂದು ಬರೆದ ಬಟ್ಟೆಯನ್ನು ಬಾಗಿಲಿಗೆ ಕಟ್ಟಿದ್ದಾರೆ, ಹಾಗಾದರೆ ಬರೀ ಗಂಡಸರೇ ಯಾಕೆ, ಬಾಗಿಲಲ್ಲಿ ಪೊಲೀಸ ಪೇದೆ ಯಾಕೆ. ಮೊನ್ನೆ ತಿಕೋಟಾದಲ್ಲಿ ಖಾಸಗಿ ಡಾಕ್ಟರನ ಮನೆ ಮುಂದೆ ಎರಡು ಸಾಲು, ಹೆಂಗಸರ ಸಾಲಿನಲ್ಲಿ ನಿಂತೆ, ಸೆರಗು ಎಳೆದುಕೊಂಡು ದೂರ ಸರಿದರು, ಗಂಡಸರ ಸಾಲಿಗೆ ಹೋದೆ, ಯಾರೋ ಹಿಂದಿನಿಂದ ಸೀರೆ ಎತ್ತಿದ, ಡಾಕ್ಟರ ಹೊಸ್ತಿಲಿಂದಲೇ ನೋಡಿ, ಮೊದಲ ನೀ ಗಂಡೋ ಹೆಣ್ಣೋ ಬಗೀಹರಿಸ್ಕೊ, ಆಮ್ಯಾಲ ಬಾ, ಅಂದ, ಕುರುವಿಗೂ ಗಂಡು ಹೆಣ್ಣು ಇದ್ದ ಹಾಗೆ. ಹೊನವಾಡದಲ್ಲಿ ಅಪ್ಪ ನನಗೆ ಬಾಬುಸಾಬ ಎಂದು ಹೆಸರಿಟ್ಟ, ಏಳನೆಯ ಇಯತ್ತೆ ತನಕ ಓದಿಸಿದ, ಅಕ್ಕನ ಸೀರೆ ಉಟ್ಟ ದಿನ ಬಾರುಕೋಲು ತೆಗೆದ, ಹದಿನೇಳಕ್ಕೆ ಊರು ಬಿಟ್ಟೆ, ಸಬೀರಾ ಎಂಬುದು ನಾನೇ ಇಟ್ಟುಕೊಂಡ ಹೆಸರು, ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಮಕ್ತುಮಬಿ ಮನೆಯೊಳಗೆ ಕರೆದಳು, ಅವಳೂ ನನ್ನಂಥವಳೇ, ಅರವತ್ತರ ಮುದುಕಿ, ಎರಡು ವರ್ಷದಿಂದ ರೊಟ್ಟಿ ಹಾಕುತ್ತಿದ್ದಾಳೆ, ಯಾಕೆ ಹಾಕುತ್ತಾಳೆ ಎಂದು ಪ್ರತಿ ರೊಟ್ಟಿಗೂ ಯೋಚಿಸಿದ್ದೇನೆ, ಈ ಶಿಬಿರಕ್ಕೆ ಕರೆತಂದವಳೂ ಅವಳೇ, ಬಂದ ಕೂಡಲೇ ಕಿಟಕಿಯ ಹತ್ತಿರ ಬಸಲಿಂಗಯ್ಯನ ಜೊತೆ ಏನೋ ಪಿಸುಗುಟ್ಟಿದಳು, ನಾನು ನೋಡಿದೆ.

ಕಾಗದ ಹಿಡಿದಿದ್ದಾನೆ, ಇಲ್ಲೊಂದ ಹೆಬ್ಬಟ್ಟ ಒತ್ತವಾ, ಒತ್ತಿದ ಕೂಡ್ಲೆ ಕುರು ಕೊಯ್ತಾರ, ಅನ್ನುತ್ತಾನೆ, ನನಗೆ ಓದಲು ಬರುವುದಿಲ್ಲ ಎಂದುಕೊಂಡಿದ್ದಾನೆ, ಬರುತ್ತದೆ — ಸಂತಾನ ನಿರೋಧ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ, ಹೆಸರು ಬಾಬುಸಾಬ, ವಯಸ್ಸು ಮೂವತ್ತೆರಡು, ಹೆಂಡತಿ ಅಬೇದಾ, ಮಕ್ಕಳು ಮೂರು. ನನಗೆ ಹತ್ತೊಂಬತ್ತು. ಯಾವ ಅಬೇದಾ, ಎರಡೂ ಸಾಲಿನಲ್ಲಿ ಜಾಗವಿಲ್ಲದ ನಾನು ಈ ಕಾಗದದ ಮೇಲೆ ಮೂರು ಮಕ್ಕಳ ತಂದೆ, ನನ್ನ ಮೈಯಲ್ಲಿ ಏನಿರಬೇಕು ಏನಿರಬಾರದು ಎಂದು ನಾನೇ ಇನ್ನೂ ತೀರ್ಮಾನಿಸಿಲ್ಲ, ಇವನು ಪೆನ್ಸಿಲ್ಲಿನಲ್ಲಿ ತೀರ್ಮಾನಿಸಿದ್ದಾನೆ, ಮತ್ತೆ ಆ ಹೆಸರು, ವಿಜಾಪುರದಲ್ಲಿ ಆ ಹೆಸರು ಗೊತ್ತಿರುವುದು ಮಕ್ತುಮಬಿಗೆ ಒಬ್ಬಳಿಗೇ, ಅಂದರೆ ಎರಡು ವರ್ಷದ ರೊಟ್ಟಿ ಇದಕ್ಕೇ. ನಾ ಒತ್ತಂಗಿಲ್ರಿ, ಅಂದೆ, ಅವನ ನಗೆ ಹೋಯಿತು, ಹಂಗಾದ್ರ ಎದ್ದ ನಡಿ, ಕುರುನೂ ತಗೊಂಡ ಹೋಗು. ಎದ್ದೆ, ಗೋಡೆಯ ಕಪ್ಪುಹಲಗೆ ಓರೆಯಾಯಿತು, ಯಾರೋ ತೋಳು ಹಿಡಿದರು, ಮಕ್ತುಮಬಿ, ಇಲ್ಲೇ ಕುಂದ್ರ ಬೇಟಿ, ನಾ ಮಾತಾಡ್ತೀನಿ, ಅಂದಳು, ಕೈ ಕೊಸರಿಕೊಂಡೆ, ಮಾತಾಡಿದ್ದು ಸಾಕು.

ಬಾಗಿಲ ತನಕ ಹೋಗಲಾಗದೆ ಮತ್ತೆ ಅದೇ ಬೆಂಚಿಗೆ ಬಿದ್ದು ಎಷ್ಟು ಹೊತ್ತಾಯಿತೋ, ನರ್ಸ ಸತ್ಯವ್ವ ಬಂದು, ಏಳ ತಂಗಿ, ಒಳಗ ಬಾ, ಅನ್ನುತ್ತಾಳೆ, ತಂಗಿಯಂತೆ, ಸೂಜಿ ತೆಗೆದಳು, ಬ್ಯಾಡ್ರಿ, ಅಂದೆ, ನಿದ್ದೆ ಬರಿಸಿ ಬೇರೇನೋ ಕೊಯ್ಯುತ್ತಾರೆ, ಬ್ಯಾನಿ ತಡ್ಕೋತಿ ಏನು, ಅಂದಳು, ತಡ್ಕೋತೀನ್ರಿ, ಅಂದೆ. ಕಣ್ಣು ಮಿಟುಕಿಸದೆ ಬ್ಲೇಡು ಹೋದ ಕಡೆಯೆಲ್ಲ ನೋಡಿದೆ, ಕುರುವಿಗೇ ಇಳಿಯಿತು, ಕೀವು, ನಾತ, ಉರಿ, ಆಮೇಲೆ ಐದು ದಿನದ ಭಾರ ಒಮ್ಮೆಗೇ ಇಳಿದು ಹೋಯಿತು, ಬಟ್ಟೆ ಕಟ್ಟಿದಳು, ಗುಳಿಗೆ ಕೊಟ್ಟಳು, ಮತ್ತೇನೂ ಮಾಡಲಿಲ್ಲ, ಯಾಕೆ ಮಾಡಲಿಲ್ಲ.

ಹೊರಗೆ ಬೇವಿನ ನೆರಳಲ್ಲಿ ಮಕ್ತುಮಬಿ ಕೂತಿದ್ದಾಳೆ. ನನ್ನ ಹಳೇ ಹೆಸರ ಅವಂಗ್ಯಾರು ಹೇಳಿದ್ರು, ಎಂದೆ. ನಾನ ಹೇಳಿದ್ನಿ, ಚೀಟಿಗಿ ಬೇಕಂದ, ಆ ಕಾಗದಕ್ಕಂತ ಗೊತ್ತಿರಲಿಲ್ಲ. ನಾ ಒತ್ತಲಾರದ ಮತ್ತ್ಯಾಕ ಕೊಯ್ದ್ರು, ಅಂದೆ. ಅವಂಗ ಮ್ಯಾಲಿನವ್ರ ಲೆಕ್ಕಾ ತುಂಬಾಕ ಒಂದ ಗಂಡಸಿನ ಹೆಬ್ಬಟ್ಟ ಬೇಕಾಗಿತ್ತು, ನಂದ ಕೊಟ್ನಿ, ಬುಡ್ಡೇಸಾಬ ಅಂತ ಬರಕೊಂಡ, ನಮ್ಮ ಮಂದಿ ದಾಯಿ ನನ್ನ ಗಂಡಸ್ತನಾ ಕೊಯ್ದ ಮೂವತ್ತ ವರ್ಷಾತು, ನನ್ನ ಹತ್ರ ಇನ್ನ ಕೊಯ್ಯಾಕ ಏನೈತಿ. ಬುಡ್ಡೇಸಾಬ, ಹುಟ್ಟಿದಾಗ ಇಟ್ಟ ಹೆಸರು, ಓಣಿಯಲ್ಲಿ ಯಾರಾದರೂ ಹಾಗೆ ಕರೆದರೆ ಚಪ್ಪಲಿ ತೆಗೆಯುತ್ತಿದ್ದವಳು, ಇಂದು ಅದನ್ನು ತಾನೇ ಬರೆಸಿದಳು, ಇದಕ್ಕೆ ಬದಲು ಏನು ಕೇಳುತ್ತಾಳೆ, ಈಗ ಕೇಳುತ್ತಾಳೆ, ಅವಳ ಬಾಯಿಯನ್ನೇ ನೋಡುತ್ತಿದ್ದೇನೆ, ಕೇಳುತ್ತಿಲ್ಲ, ಜ್ವರ ನೋಡಲು ಕೈ ಚಾಚಿದಳು, ಕೈ ನಡುವೆ ನಿಂತಿತು, ನನಗೆ ಮಸಿ ತಾಗೀತೆಂದು ಹೆಬ್ಬೆರಳು ಒಳಗೆ ಮಡಚಿಕೊಂಡಳು, ಉಳಿದ ನಾಲ್ಕು ಬೆರಳು ನನ್ನ ಹಣೆಯ ಮೇಲೆ, ಮತ್ತೆ ಆ ಹೆಬ್ಬೆರಳು, ಮಡಚಿದ ಹೆಬ್ಬೆರಳು, ನೀಲಿ